ಕೇದಗೆ ಅತ್ತರು

“ಸಿಕ್ತು ಮಂಜಣ್ಣ! ನಮ್ಮಜ್ಜ ಯಾವಾಗ್ಲೂ ಹೇಳ್ತಿದ್ದ ಕೇದಗೆ ಅತ್ತರು ಇದೇ ಅಲ್ವಾ?”

ಮನೆಯ ಕಪಾಟಿನ ಮೂಲೆಯಿಂದ ಅಪ್ಪಯ್ಯನ ಸಾಹುಕಾರ ಅನಿಕೇತ ಎಳೆದು ತೆಗೆದ ನೀಲಿ ಸೀಸೆ ನೋಡಿ ಲಿಖಿತಾಳ ಎದೆ ಧಸಕ್ಕೆಂದಿತು. ಅಪ್ಪಯ್ಯ ನಲವತ್ತು ವರ್ಷದಿಂದ ಕೂಡಿಟ್ಟ ಮುನ್ನೂರು ಸೀಸೆಗಳಲ್ಲಿ ಈ ಪುಣ್ಯಾತ್ಮನ ಕೈಗೆ ಇದೇ ಸಿಗಬೇಕೆ? ಪಿಯುಸಿ ಓದುವಾಗ ದಿನಕ್ಕೊಂದು ತೊಟ್ಟು ಕದ್ದು ಹಚ್ಚಿಕೊಂಡು ಅವಳು ಅದನ್ನು ಪೂರ್ತಿ ಖಾಲಿ ಮಾಡಿದ್ದಳು. ಆಮೇಲೆ ಹೆದರಿ, ಸೀಸೆಯನ್ನು ಸೋಪು ಹಾಕಿ ತೊಳೆದು, ಅಗರಬತ್ತಿಯ ಸೆಂಟನ್ನು ತೆಳು ಮಾಡಲು ಬಳಸುವ ವೈಟ್ ಆಯಿಲ್ ತುಂಬಿ, ಹಿಂದಿನ ಸಾಲಿಗೆ ತಳ್ಳಿದ್ದಳು. ಆ ಎಣ್ಣೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹನ್ನೆರಡು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ಅಷ್ಟೇ ಆಗಿದ್ದರೆ ಬೈಸಿಕೊಂಡು ಮುಗಿಸಬಹುದಿತ್ತು. ಆದರೆ ಸಾಗರದ ಅಗರಬತ್ತಿ ಕಾರ್ಖಾನೆಯಲ್ಲಿ ಸೆಂಟು ಬೆರೆಸುವ ಮಂಜುನಾಥಪ್ಪನಿಗೆ ಆರು ತಿಂಗಳ ಹಿಂದೆ ಬಂದ ಜ್ವರ, ಹೋಗುವಾಗ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು. ಈಗ ಅವನಿಗೆ ಇಂಗೂ ಒಂದೇ, ಮಲ್ಲಿಗೆಯೂ ಒಂದೇ. ಅದು ಗೊತ್ತಿದ್ದದ್ದು ಮಗಳೊಬ್ಬಳಿಗೇ. ಅಂದಾಜಿನ ಮೇಲೆ ಬೆರೆಸುತ್ತಾ, ಸೀಸೆಯ ಆಕಾರ ನೋಡಿ ಪರಿಮಳ ಹೇಳುತ್ತಾ ಅವನು ಹೇಗೋ ದಿನ ದೂಡುತ್ತಿದ್ದ. ಮೂಗು ಹೋಯಿತೆಂದರೆ ಕೆಲಸವೂ ಹೋಯಿತು.

“ತೀರ್ಥಹಳ್ಳಿ ಅಂಗಡಿಯವ್ರು ಎರಡು ಸಲ ಮಾಲು ವಾಪಸ್ ಕಳ್ಸಿದಾರೆ ಮಂಜಣ್ಣ. ಮುಂಚಿನ ಘಮ ಇಲ್ಲ ಅಂತಾರೆ.” ಅಜ್ಜನ ಕಾರ್ಖಾನೆ ಅನಿಕೇತನ ಕೈಗೆ ಬಂದು ಒಂದು ವರ್ಷವಾಗಿತ್ತಷ್ಟೆ. “ಜನ ನಿಮ್ಮ ಬಗ್ಗೆ ಏನೇನೋ ಹೇಳ್ತಾರೆ. ನಂಗೆ ನಂಬಕ್ಕಾಗಲ್ಲ. ಇದನ್ನ ಮೂಸಿ ಏನೇನಿದೆ ಹೇಳಿ, ಹಬ್ಬಕ್ಕೆ ಇದೇ ಪರಿಮಳದ ಬತ್ತಿ ಮಾಡಾಣ. ಆಗ್ಲಿಲ್ಲ ಅಂದ್ರೆ…” ಮಾತು ಅಲ್ಲಿಗೇ ಬಿಟ್ಟು ಬಿರಡೆ ತೆಗೆದ. ತಾನೊಮ್ಮೆ ಮೂಸಿದ. ಕಾಗದದ ಪಟ್ಟಿಯನ್ನು ಅದ್ದಿ ಮುಂದೆ ಚಾಚಿದ.

ಲಿಖಿತಾ ಮುಂದೆ ಬಂದಳು. ಅಪ್ಪಯ್ಯನಿಗೆ ಆ ಸೀಸೆಯ ಗುರುತು ಚೆನ್ನಾಗಿದೆ. ಒಳಗೆ ಏನಿತ್ತೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾನು. ವಾಸನೆಯಿಲ್ಲದ ಎಣ್ಣೆ ಮೂಸಿ ಕೇದಗೆ ಎಂದರೆ ಮೂಗಿನ ಗುಟ್ಟು ರಟ್ಟು. ಇವತ್ತು ಬಾಯಿ ಬಿಟ್ಟರೆ ಬಣ್ಣಗೇಡು!

“ಅಪ್ಪಯ್ಯ, ಅದು ಭಾಳ ಹಳೇದು. ಕೆಟ್ಟು ಹೋಗಿರ್ತದೆ, ಬೇರೆ ಕೊಡ್ತೀನಿ…”

“ನೀವು ಸುಮ್ನಿರಿ ಲಿಖಿತಾ. ಅವ್ರೇ ಹೇಳ್ಲಿ.”

ಮಂಜುನಾಥಪ್ಪ ಪಟ್ಟಿಯನ್ನು ಮೂಗಿಗೆ ಹಿಡಿದು ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿದ. ತೆರೆದು ನೀಲಿ ಸೀಸೆಯನ್ನು ನೋಡಿದ. ಉತ್ತರ ನಾಲಿಗೆಯ ತುದಿಗೆ ಬಂದದ್ದು ಮಗಳಿಗೆ ಕಾಣಿಸಿತು. “ಇದು…” ಎಂದವನು ಅನಿಕೇತನ ಮುಖ ನೋಡಿ ತಡೆದ. ಪಟ್ಟಿಯನ್ನು ಮೇಜಿನ ಮೇಲಿಟ್ಟ.

“ಸಾಹುಕಾರ್ರೆ, ನಿಮ್ಮಜ್ಜನ ಅನ್ನ ಉಂಡವ ನಾನು. ನಿಮ್ಮೆದುರು ಸುಳ್ಳು ಹೇಳಕ್ಕೆ ಬಾಯಿ ಬರಲ್ಲ. ನಂಗೆ ಏನೂ ವಾಸನೆ ಬರ್ತಾ ಇಲ್ಲ.”

ಅನಿಕೇತ ಪಟ್ಟಿಯನ್ನು ಎತ್ತಿ ಇನ್ನೊಮ್ಮೆ ಮೂಸಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ.

“ನಂಗೂ ಬರ್ಲಿಲ್ಲ ಮಂಜಣ್ಣ! ನನ್ನ ಶೀತ ಅಂದ್ಕೊಂಡಿದ್ದೆ, ನೋಡಿದ್ರೆ ಸೀಸೇಲೇ ಘಮ ಇಲ್ಲ. ಬೇರೆಯವ್ರಾಗಿದ್ರೆ ನನ್ನ ಮೆಚ್ಚಿಸಕ್ಕೆ ಕೇದಗೆ, ಗಂಧ ಅಂತ ಪುರಾಣ ಬಿಚ್ತಿದ್ರು. ಇಂಥಾ ಮೂಗನ್ನ ಅನುಮಾನಿಸಿದ್ನಲ್ಲ, ನಂಗೇ ಬುದ್ಧಿ ಇಲ್ಲ!”

“ಹಂಗಲ್ಲ ಸಾಹುಕಾರ್ರೆ, ನಾನು ಹೇಳಿದ್ದು…”

“ಇನ್ನೆಂತದೂ ಹೇಳೋದು ಬೇಡ. ನಾಳೆ ಬೇಗ ಬನ್ನಿ. ಹಬ್ಬದ ಮಾಲು ಪೂರ್ತಿ ನಿಮ್ಮದೇ ಕೈಯಲ್ಲಿ.” ಅವನು ಮುದುಕನ ಕಾಲು ಮುಟ್ಟಿ ಹೊರಟೇಬಿಟ್ಟ. ಅಂಗಳದಲ್ಲಿ ಬೈಕ್ ಶುರುವಾಯಿತು.

ಲಿಖಿತಾ ಒಂದೇ ಉಸಿರಿಗೆ ಎಲ್ಲ ಒದರಿದಳು: ಕದ್ದದ್ದು, ತೊಳೆದದ್ದು, ಎಣ್ಣೆ ತುಂಬಿದ್ದು. ಮಂಜುನಾಥಪ್ಪ ಬೈಯಲಿಲ್ಲ. ಅವಳಿಗೆ ಖುಷಿ ತಡೆಯಲಾಗಲಿಲ್ಲ. “ಬದುಕಿದ್ವಿ ಅಪ್ಪಯ್ಯ! ಇನ್ನು ನಿಮ್ಮ ಮೂಗಿನ ಸುದ್ದಿಗೆ ಯಾರೂ ಬರಲ್ಲ.”

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಮೂಗು ಹೋಯ್ತು ಅನ್ನೋ ಅದೊಂದು ಮಾತು ಹೇಳಕ್ಕೆ ಆರು ತಿಂಗಳು ಬೇಕಾಯ್ತು ಮಗಾ,” ಎಂದ. “ನಾಳೆ ಹೋಗಿ ಮತ್ತೆ ಹೇಳ್ಬೇಕಲ್ಲ.”