ಸೋಮಾರಿ ಹೊಳೆ

"ಇದರಲ್ಲಿ ಎಲ್ಲಕ್ಕಿಂತ ಸಪ್ಪೆ ನದಿ ಯಾವುದು?" ಎಂದು ವಿಮೆ ಏಜೆಂಟ್ ದೋಣಿ ಅಂಗಡಿಯ ಗೋಡೆಗೆ ಅಂಟಿಸಿದ್ದ ನಕ್ಷೆ ನೋಡುತ್ತ ಕೇಳಿದ. ಅಂಗಡಿಯವನಿಗೆ ಇಂಥ ಗಿರಾಕಿ ಹೊಸಬ. ಬಂದವರೆಲ್ಲ ನೊರೆ ಎಲ್ಲಿ ಹೆಚ್ಚು, ಬಂಡೆ ಎಲ್ಲಿ ದೊಡ್ಡದು ಎಂದು ಕೇಳುವವರು. ಈ ಮನುಷ್ಯನಿಗೆ ನೀರು ಅಲುಗಾಡದಿದ್ದರೆ ಸಾಕಾಗಿತ್ತು.

ಹೋಗುವವನು ಅವನಲ್ಲ. ಸ್ನಾನದ ತೊಟ್ಟಿಯಲ್ಲಿ ಕೂತರೂ ತಲೆ ಸುತ್ತು ಬರುವ ಆಸಾಮಿ ಅವನು. ಹೋಗುವವರು ಪಕ್ಕದಲ್ಲೇ ಲೈಫ್ ಜಾಕೆಟ್ ತೊಟ್ಟು ನೋಡುತ್ತಿದ್ದ ಅವನ ತಾಯಿ ಮತ್ತು ಹೆಂಡತಿ. ಹೆಂಡತಿ ನಾಯಿ ಆಸ್ಪತ್ರೆಯಲ್ಲಿ ನರ್ಸು; ಚೆನ್ನಾಗಿ ಕೆಲಸ ಮಾಡಿದಳೆಂದು ಆಸ್ಪತ್ರೆಯವರು ಇಬ್ಬರಿಗೆ ನಾಲ್ಕು ದಿನದ ದೋಣಿ ಪ್ರವಾಸ ಉಡುಗೊರೆ ಕೊಟ್ಟಿದ್ದರು. ಗಂಡ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹಾಗಾದರೆ ನಾನು ಬರುತ್ತೇನೆ ಎಂದಳು ಅತ್ತೆ. ಹೋದ ತಿಂಗಳಷ್ಟೇ ಬೇಕರಿಯಿಂದ ನಿವೃತ್ತಳಾಗಿದ್ದಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ತೋಳುಗಳಿಗೆ ಕೆಲಸವಿಲ್ಲದೆ ಬೇಜಾರು ಬಂದಿತ್ತು. ಸೊಸೆಗೂ ಖುಷಿಯೋ ಖುಷಿ. ನೋಡಿದವರು ಎಂಥ ಅಪರೂಪದ ಅತ್ತೆ-ಸೊಸೆ ಎನ್ನಬೇಕು.

ಆ ಅಪರೂಪದ ಹಿಂದೆ ಏಜೆಂಟನ ಆರು ವರ್ಷದ ದುಡಿಮೆಯಿತ್ತು. ತಾಯಿಗೆ ಬೇಕರಿಯ ನಸುಕಿನ ಪಾಳಿ, ಹೆಂಡತಿಗೆ ಆಸ್ಪತ್ರೆಯ ಸಂಜೆ ಪಾಳಿ. ಎರಡೇ ಬೀದಿ ಆಚೀಚೆ ಇದ್ದರೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟ. ಮಾತೆಲ್ಲ ಅವನ ಮೂಲಕವೇ ಹೋಗಿ ಅವನ ಮೂಲಕವೇ ಬರಬೇಕು. ಬೇರೆಯವರು ಉಪ್ಪುಖಾರ ಹಚ್ಚಿ ಮಾತು ದಾಟಿಸಿದರೆ ಇವನು ಸಕ್ಕರೆ ಸವರಿ ದಾಟಿಸುತ್ತಿದ್ದ. ಅಡುಗೆಯ ಗಂಧಗಾಳಿಯೂ ಇಲ್ಲ ಅವಳಿಗೆ ಎಂದು ತಾಯಿ ಅಂದದ್ದು, ಹೆಂಡತಿಯ ಕಿವಿ ಮುಟ್ಟುವ ಹೊತ್ತಿಗೆ ಪಾಪ ಎಷ್ಟು ದುಡೀತಾಳೆ ಎಂದಾಗಿರುತ್ತಿತ್ತು. ನಿಮ್ಮಮ್ಮ ಶುರು ಮಾಡಿದರೆ ನಿಲ್ಲಿಸೋದೇ ಇಲ್ಲ ಎಂದು ಹೆಂಡತಿ ಗೊಣಗಿದ್ದು, ಅತ್ತೆ ಮಾತು ಕೇಳ್ತಿದ್ದರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಎಂದಾಗಿ ತಾಯಿಗೆ ತಲುಪುತ್ತಿತ್ತು. ಎರಡೂ ಮನೆಯಲ್ಲಿ ನೆಮ್ಮದಿ ಇತ್ತು. ಅದು ತನ್ನದೇ ಕೈಕೆಲಸ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅಂಗಡಿಯವನು ಮೂರು ನದಿ ತೋರಿಸಿದ. ಮೊದಲನೆಯದು ಬಲು ಅಗಲ, ಎದುರುಗಾಳಿ ಎದ್ದರೆ ಹುಟ್ಟು ಹಾಕಿದಷ್ಟೂ ದೋಣಿ ಹಿಂದಕ್ಕೇ ಹೋಗುತ್ತದೆ. ಎರಡನೆಯದು ಕಲ್ಲುಹೊಳೆ, ಹೆಜ್ಜೆಗೊಂದು ಇಳಿಜಾರು, ಸುಳಿ. ಮೂರನೆಯದಕ್ಕೆ ಸೋಮಾರಿ ಹೊಳೆ ಎಂದೇ ಹೆಸರು. ನೀರು ಹರಿಯುತ್ತಿದೆಯೋ ನಿಂತಿದೆಯೋ ಎಂದು ಎಲೆ ಹಾಕಿ ನೋಡಬೇಕು. ದಾರಿಯುದ್ದಕ್ಕೂ ಸೇತುವೆಯಿಲ್ಲ, ಊರಿಲ್ಲ, ಫೋನ್ ಸಿಗುವುದಿಲ್ಲ.

"ಇದೇ ಇರಲಿ," ಎಂದ ಏಜೆಂಟ್ ನಿರಾಳವಾಗಿ.

"ಒಂದು ಮಾತು ಹೇಳ್ಬಿಡ್ತೀನಿ ಸಾರ್," ಎಂದ ಅಂಗಡಿಯವನು. "ಕಲ್ಲುಹೊಳೇಲಿ ಜನಕ್ಕೆ ಬಾಯಿ ಬಿಡೋಕೂ ಪುರುಸೊತ್ತಿರಲ್ಲ. ಇಲ್ಲಿ ಹಾಗಲ್ಲ. ಬೆಳಗಿಂದ ಸಂಜೆವರೆಗೂ ಹುಟ್ಟು ಹಾಕೋದು, ಮಾತಾಡೋದು, ಇನ್ನೇನೂ ಕೆಲಸ ಇಲ್ಲ. ಒಳಗಿರೋದೆಲ್ಲ ಹೊರಗೆ ಬಂದ್ಬಿಡುತ್ತೆ."

ಏಜೆಂಟ್ ಮತ್ತೆ ನಕ್ಷೆಯ ಕಡೆ ತಿರುಗಿದ. ಬಂಡೆಗೆ, ಸುಳಿಗೆ, ಹಾವು ಕಡಿತಕ್ಕೆ ಅವನ ಬಳಿ ಪಾಲಿಸಿ ಇತ್ತು. ಇಬ್ಬರು ಹೆಂಗಸರು ಒಂದೇ ದೋಣಿಯಲ್ಲಿ ಕೂತು ಅವನ ಮಾತುಗಳನ್ನು ತಾಳೆ ನೋಡಿದರೆ ಯಾವ ಪಾಲಿಸಿಯೂ ಇರಲಿಲ್ಲ. ಯೋಚಿಸಿ ನೋಡಿದರೆ ಕಲ್ಲುಹೊಳೆಯೂ ಕೆಟ್ಟದ್ದೇನಲ್ಲ, ಮೈಗೆ ಒಳ್ಳೆ ವ್ಯಾಯಾಮ ಎಂದ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ಇಬ್ಬರು ಹಿಡಿದುಕೊಳ್ಳಬೇಕು ಎನ್ನುವ ಗಂಡನ ಬಾಯಲ್ಲಿ ಈ ಮಾತು ಕೇಳಿ ಹೆಂಡತಿ ತಿರುಗಿ ನೋಡಿದಳು. ಏನನ್ನೋ ನುಂಗಿ ಸುಮ್ಮನೆ ಕೂತ ನಾಯಿಯನ್ನು ಅವಳು ಆಸ್ಪತ್ರೆಯಲ್ಲಿ ನೋಡುವುದು ಹಾಗೆಯೇ.

ಅಷ್ಟರಲ್ಲಿ ತಾಯಿ, ನೀರಿನ ಮೇಲೆ ಬೆಳಿಗ್ಗೆ ಚಳಿ ಇರುತ್ತದೇನೋ ಎಂದು ಅಂಗಡಿಯವನನ್ನು ವಿಚಾರಿಸಿದಳು.

"ಚಳಿಗೇನು ಅತ್ತೆ, ನೀವು ಹೆಣೆದು ಕಳಿಸಿದ ಸ್ವೆಟರ್ ಇದೆಯಲ್ಲ," ಎಂದಳು ಸೊಸೆ.

"ನಾನಾ? ಹೆಣೆದದ್ದಾ?"

ಹಿಟ್ಟು ನಾದಿದ್ದು ಬಿಟ್ಟರೆ ಉಣ್ಣೆಯ ಕಡ್ಡಿ ಹಿಡಿದವಳೇ ಅಲ್ಲ ಅವಳು. ಏಜೆಂಟ್ ಗಡಬಡಿಸಿ ಒಂದು ಹಗ್ಗದ ಸಿಂಬೆ ಎತ್ತಿಕೊಂಡು, ಇದು ಗಟ್ಟಿಯಿದೆಯೇ ಎಂದು ಅಂಗಡಿಯವನನ್ನು ಕೇಳಿದ. ಯಾರೂ ಅತ್ತ ನೋಡಲಿಲ್ಲ.

"ಹೋಗಲಿ ಬಿಡು, ನಾನೇ ಮರೆತಿರಬೇಕು," ಎಂದಳು ತಾಯಿ, ಸೊಸೆಗೆ ಬೇಸರವಾಗಬಾರದೆಂದು. "ತಿನ್ನೋಕೆ ರಸ್ಕ್ ಮಾಡಿ ತರ್ತೀನಮ್ಮ. ನನ್ನ ಕೈಯ ರಸ್ಕ್ ಇಲ್ಲದಿದ್ರೆ ನಿನಗೆ ಬೆಳಗೇ ಆಗಲ್ವಂತೆ."

"ಹಾಗಂತ ಯಾರು ಹೇಳಿದ್ರು ಅತ್ತೆ?"

ಆ ರಸ್ಕು ಇಷ್ಟು ವರ್ಷ ಹೋಗುತ್ತಿದ್ದದ್ದು ಆಸ್ಪತ್ರೆಯ ನಾಯಿಗಳಿಗೆ, ಅದೂ ನೀರಲ್ಲಿ ನೆನೆಸಿ. ಸೊಸೆ ಅದನ್ನು ಹೇಳಲಿಲ್ಲ. ಆದರೆ ಅವಳ ಮುಖ ನೋಡಿ ಅತ್ತೆಗೆ ಅರ್ಧ ಅರ್ಥವಾಯಿತು, ಅತ್ತೆಯ ಮುಖ ನೋಡಿ ಸೊಸೆಗೆ ಇನ್ನರ್ಧ. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. ಅವನ ಸಹಾಯವಿಲ್ಲದೆ ಅವರಿಬ್ಬರು ಕೂಡಿ ಮಾಡಿದ ಮೊದಲ ಕೆಲಸ ಅದು. ಅವನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಕಲ್ಲುಹೊಳೆಗೇ ಬರೆದುಬಿಡಿ," ಎಂದ, ಅವನಿಗೇ ಕೇಳಿಸದಷ್ಟು ಮೆಲ್ಲಗೆ.

"ಸೋಮಾರಿ ಹೊಳೆಗೆ ಬರೀರಿ," ಎಂದಳು ಹೆಂಡತಿ. ಆಮೇಲೆ ಜಾಕೆಟಿನ ಪಟ್ಟಿ ಬಿಗಿದುಕೊಳ್ಳುತ್ತ ಕೇಳಿದಳು, "ನಾಲ್ಕು ದಿನ ಸಾಕಾಗುತ್ತಾ ಅತ್ತೆ?"

ತಾಯಿ ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಎಲ್ಲಿ ಸಾಕಾಗುತ್ತಮ್ಮ? ಒಂದು ವಾರಕ್ಕೆ ಬರೆಸು. ನಿಮ್ಮ ಮದುವೆ ದಿನದಿಂದ ಶುರು ಮಾಡ್ಬೇಕಲ್ಲ."