ತುಂಗಾ ಆರಿಸಿದ ಆಟ

ಮಕ್ಕಳಿಗೆ ಹೊಡೆಯುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ, ಕಲಿಕೆಯ ಆಟದಲ್ಲಿ ಮಗು ತಪ್ಪಿದರೆ ಏಟು ಬೀಳುತ್ತಿದ್ದುದು ಹೆತ್ತವರಿಗೆ. ಮಗು ಆಡುವಾಗ ಏಟು ಕೊಡುವ ಪಟ್ಟಿಯನ್ನು ಮುಂಗೈಗೆ ಕಟ್ಟಿಕೊಂಡು ಕೂರುವುದು ಹೆಚ್ಚಾಗಿ ತಾಯಂದಿರ ಕೆಲಸವಾಗಿತ್ತು. ಆದರೆ ಶಶಿಕಲಾಳ ಕೈಯನ್ನು ಗಂಡ ಈರಪ್ಪ ಮುರಿದಿದ್ದ.

“ಮುರದ ಕೈಯವರು ಏಟು ತಗೊಳ್ಳಂಗಿಲ್ರೀ ಅಕ್ಕಾರ,” ಎಂದು ಗದುಗಿನ ಆ್ಯಪ್ ಅಂಗಡಿಯವನು, ಕೊಳ್ಳುವ ಮುನ್ನ ಆಟವನ್ನು ಆಡಿಸಿ ನೋಡಲು, ಪಟ್ಟಿಯನ್ನು ಈರಪ್ಪನಿಗೇ ಕಟ್ಟಿದ.

ನಾಲ್ಕು ವರ್ಷದ ತುಂಗಾ ಪರದೆಯ ಮುಂದೆ ಕುಳಿತಳು. “ಕೆಂಪು ಯಾವುದು?” ಎಂದು ಆಟ ಕೇಳಿತು. ತುಂಗಾ ಹಸಿರನ್ನು ಒತ್ತಿದಳು. ಯಾರೋ ದವಡೆಗೆ ಗುದ್ದಿದಂತೆ ಈರಪ್ಪನ ತಲೆ ಹೊರಳಿತು. ಹಳದಿ ಕೇಳಿದಾಗ ನೀಲಿ ಒತ್ತಿದಳು. ಅವನ ಮೂಗಿನಿಂದ ರಕ್ತ ಇಳಿಯಿತು. ಮೂರನೆಯ ತಪ್ಪಿಗೆ ಅವನು ಮಂಡಿಯೂರಿದ.

“ಈ ಆಟ ಕೂಸಿಗೆ ಕಠಿಣ ಆಗೇತ್ರೀ. ಸರಳದ್ದು ತೋರಸ್ಲೇನು?” ಎಂದ ಅಂಗಡಿಯವನು.

ಶಶಿಕಲಾ ಮಗಳನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಎದುರಿನ ಹೆಂಗಸರ ಸೀರೆಗಳ ಬಣ್ಣವನ್ನೆಲ್ಲ ತುಂಗಾ ತಪ್ಪಿಲ್ಲದೆ ಹೇಳಿದ್ದಳು. ಈಗ ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ಅಪ್ಪನ ಮುಖದ ಮೇಲಿತ್ತು.

ಈರಪ್ಪನಿಗೂ ಅದು ಹೊಳೆಯಿತು. “ಬೇಕಂತ ಮಾಡ್ತಿಯೇನಲೇ?” ಎಂದು ಮಗಳ ಜುಟ್ಟಿಗೆ ಕೈ ಹಾಕಿದ. ಶಶಿಕಲಾ ಪ್ಲಾಸ್ಟರ್ ಹಾಕಿದ ಕೈಯನ್ನೇ ಅವನ ಮುಖಕ್ಕೆ ಬೀಸಿದಳು. ನೋವು ಹೆಗಲವರೆಗೂ ಏರಿತು. ಅವನು ನೆಲಕ್ಕುರುಳಿದ, ಹಲ್ಲೊಂದು ಕಿತ್ತು ಬಿತ್ತು.

“ಸರಳದ್ದು ಬ್ಯಾಡ್ರೀ. ಇದನ್ನ ತಗೋತೀವಿ,” ಎಂದಳು ಅವಳು ಏದುಸಿರು ಬಿಡುತ್ತ.

ಈರಪ್ಪ ಬಿದ್ದಲ್ಲೇ ಪಟ್ಟಿ ಬಿಚ್ಚುವ ಗುಂಡಿಗಾಗಿ ತಡಕಾಡುತ್ತಿದ್ದ. ಶಶಿಕಲಾ ಅವನ ಮುಂಗೈಯನ್ನು ಮೊಣಕಾಲಿನಿಂದ ಅದುಮಿ ಹಿಡಿದು, ಮಗಳ ಕಡೆ ತಿರುಗಿದಳು.

“ಆಡು, ನನ್ನವ್ವ.”