ಒಂದೇ ಬಾಟಲಿಯ ಎಣ್ಣೆ

ಒಳಗೆ ಹಾಡು ಶುರುವಾಗಿತ್ತು. ಎಲ್ಬರ್ಟ್ ಮಾತ್ರ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ ತನ್ನ ಪಿಕಪ್ ಗಾಡಿಯಿಂದ ಇಳಿದಿರಲಿಲ್ಲ. ಹೆಂಡತಿ ಲೊರೀನ್ ಕರೆದು ಕರೆದು ಸಾಕಾಗಿ, ಕೊನೆಗೊಮ್ಮೆ ಕಣ್ಣು ಕೆಕ್ಕರಿಸಿ ನೋಡಿ, ಒಳಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಇವತ್ತು ಅವನು ಎದ್ದುನಿಂತು, ದೇವರು ತನಗೆ ಮಾಡಿದ ಒಳಿತಿಗೆ ಎಲ್ಲರ ಮುಂದೆ ಸಾಕ್ಷಿ ಹೇಳಬೇಕಿತ್ತು. ತನ್ನ ಶ್ವಾಸಕೋಶದ ಗಡ್ಡೆ ಈಗ ಕಾಣುತ್ತಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿಯೊಬ್ಬಳಿಗೇ ಹೇಳಿದ್ದ. ಅವಳೊಬ್ಬಳಿಗೆ ಹೇಳಿದರೆ ಇಡೀ ಕಣಿವೆಗೆ ಡಂಗುರ ಸಾರಿದಂತೆ ಎಂಬುದು ಇಷ್ಟು ವರ್ಷ ಸಂಸಾರ ಮಾಡಿಯೂ ಅವನಿಗೆ ಮರೆತುಹೋಗಿತ್ತು.

ಸಭೆಗೂ ಅಂಥದೊಂದು ಸುದ್ದಿ ಬೇಕಾಗಿತ್ತು. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕಣಿವೆಯ ಅರ್ಧಕ್ಕರ್ಧ ಮನೆಗಳು ಖಾಲಿಯಾಗಿ ಕಿಟಕಿಗಳಿಗೆ ಹಲಗೆ ಬಡಿದಿತ್ತು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತವರೆಲ್ಲ ಹೇಳುತ್ತಿದ್ದುದು ಕಷ್ಟವನ್ನೇ. ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಜನಕ್ಕೆ ಜೀವ ಬರುತ್ತದೆ ಎಂದು ಪಾಸ್ಟರು ಮನೆಗೇ ಬಂದು ಬೆನ್ನು ತಟ್ಟಿ ಹೋಗಿದ್ದರು.

ತೊಡಕೆಲ್ಲ ರಾಸ್ಕೋನದು. ಎಲ್ಬರ್ಟನೂ ಅವನೂ ಒಂದೇ ಪಾಳಿಯಲ್ಲಿ ಗಣಿಗೆ ಇಳಿದವರು, ಒಂದೇ ಧೂಳು ಕುಡಿದವರು. ಇಬ್ಬರಿಗೂ ಒಂದೇ ಕಾಯಿಲೆ, ಒಬ್ಬರೇ ಡಾಕ್ಟರು, ಅದೇ ಔಷಧಿ. ಕಳೆದ ಚಳಿಗಾಲದಲ್ಲಿ ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದಾಗ ಪಾಸ್ಟರು ಒಂದೇ ಬಾಟಲಿಯ ಎಣ್ಣೆಗೆ ಹೆಬ್ಬೆರಳು ಅದ್ದಿ ಇಬ್ಬರ ಹಣೆಗೂ ಹಚ್ಚಿ ವಾಸಿಯಾಗಲೆಂದು ಪ್ರಾರ್ಥಿಸಿದ್ದರು. ಈಗ ರಾಸ್ಕೋ ಗುಡ್ಡದ ಮೇಲೆ ಮಣ್ಣಾಗಿದ್ದ. ವಾಸಿ ಮಾಡಿದ್ದು ದೇವರಾದರೆ ಅವನನ್ನು ಯಾಕೆ ವಾಸಿ ಮಾಡಲಿಲ್ಲ? ಔಷಧಿಯಾದರೆ ಅದನ್ನೇ ಅವನಿಗೂ ಕೊಟ್ಟಿದ್ದರಲ್ಲ? ತನ್ನ ಹಣೆಗೆ ಎಣ್ಣೆ ತುಸು ಹೆಚ್ಚು ಬಿತ್ತೇ ಎಂದೂ ಎಲ್ಬರ್ಟ್ ಒಮ್ಮೆ ಯೋಚಿಸಿ ನಾಚಿಕೊಂಡಿದ್ದ. ಸಾಕ್ಷಿ ಹೇಳಿದರೆ ರಾಸ್ಕೋನ ಹೆಂಡತಿ ಐವಾಳ ಎದೆಗೆ ಚುಚ್ಚಿದಂತೆ, ಹೇಳದಿದ್ದರೆ ಉಳಿಸಿದ ದೇವರಿಗೇ ಎರಡು ಬಗೆದಂತೆ. ಬಾಯಲ್ಲಿ ಬಿಸಿತುಪ್ಪ.

ರಾಸ್ಕೋ ಹೋದ ಮೇಲೆ ಆ ಸಭೆಗೆ ಇನ್ನೊಂದು ಕೊರತೆಯಾಗಿತ್ತು. ಗಂಡಸರ ಕಡೆಯ ಮೊದಲ ಬೆಂಚಿನಿಂದ ಅವನ ಗಟ್ಟಿ 'ಆಮೆನ್' ಬಿದ್ದ ಮೇಲೆಯೇ ಉಳಿದವರ ಬಾಯಿ ತೆರೆಯುತ್ತಿತ್ತು. ಈಗ ಪ್ರಾರ್ಥನೆ ಮುಗಿದರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದರು. ಹೆಂಗಸರು ಅಲ್ಲಿ ಮೊದಲು ದನಿ ಎತ್ತುವ ರೂಢಿಯಿರಲಿಲ್ಲ.

ಗಾಡಿಯ ಬಾಗಿಲು ತೆರೆಯಿತು. ಐವಾ ಕೂಟದ ನಂತರದ ಊಟಕ್ಕೆಂದು ಬೀನ್ಸ್ ಬೇಯಿಸಿದ ಪಾತ್ರೆಯೊಂದಿಗೆ ಹತ್ತಿ ಪಕ್ಕದ ಸೀಟಿನಲ್ಲಿ ಕೂತಳು.

"ಒಳಗೆ ಬರಲ್ವಾ?"

"ನಿನ್ನ ಮುಂದೆ ನಿಂತು ಏನಂತ ಹೇಳ್ಲಿ ಐವಾ?"

ಅವಳು ಪಾತ್ರೆಯ ಮುಚ್ಚಳ ಸರಿಮಾಡಿದಳು. "ಬೆಳಿಗ್ಗೆ ಎದ್ದ ಕೂಡ್ಲೇ ನಿನ್ ಮೇಲೆ ಸಿಟ್ಟು ಬರುತ್ತೆ. ನೀನಾದ್ರೂ ಉಳ್ಕೊಂಡ್ಯಲ್ಲ ಅಂತ ಸಮಾಧಾನಾನೂ ಆಗುತ್ತೆ. ಎರಡೂ ಒಟ್ಟಿಗೇ ಬರುತ್ತೆ. ಯಾವ್ದು ನಿಜ ಅಂತ ನನಗೇ ಗೊತ್ತಿಲ್ಲ. ನೀನು ಏನು ಬೇಕಾದ್ರೂ ಹೇಳು. ನಂಬಿಕೆ ದೊಡ್ಡದಿತ್ತು, ಅದಕ್ಕೇ ಉಳ್ದೆ ಅಂತ ಮಾತ್ರ ಹೇಳ್ಬೇಡ. ನನ್ ಗಂಡನ ನಂಬಿಕೆ ನಿಂದಕ್ಕಿಂತ ಚಿಕ್ಕದಿರ್ಲಿಲ್ಲ."

"ಚಿಕ್ಕದಾ? ಪಾಸ್ಟರ ಪ್ರಸಂಗದ ಮಧ್ಯೆ ಗೊರಕೆ ಹೊಡೀತಿದ್ದೋನು ನಾನು. ಮೊಣಕೈಲಿ ತಿವಿದು ಎಬ್ಬಿಸ್ತಿದ್ದೋನು ಅವನು."

ಐವಾಳಿಗೆ ನಗು ಬಂದುಬಿಟ್ಟಿತು. ನಕ್ಕಿದ್ದಕ್ಕೆ ತನ್ನ ಮೇಲೇ ಮುನಿಸಿಕೊಂಡವಳಂತೆ ಪಾತ್ರೆಯನ್ನು ಅವನ ಕೈಗೆ ತುರುಕಿ ಇಳಿದು ನಡೆದಳು. ಸುಡುವ ಪಾತ್ರೆ ಹಿಡಿದುಕೊಂಡು ಗಾಡಿಯಲ್ಲಿ ಎಷ್ಟು ಹೊತ್ತು ಕೂರಲಾದೀತು? ಎಲ್ಬರ್ಟ್ ಅವಳ ಹಿಂದೆಯೇ ಒಳಗೆ ಹೋದ.

ಪಾತ್ರೆಯನ್ನು ಹಿಂದಿನ ಮೇಜಿನ ಮೇಲಿಟ್ಟು ತಿರುಗುವಷ್ಟರಲ್ಲಿ ಪಾಸ್ಟರು ಅವನ ಹೆಸರು ಕರೆದರು. ಎಲ್ಲರ ಮುಖವೂ ಅರಳಿತು. ಅವನು ಮುಂದೆ ಬಂದು ಬೆಂಚಿನ ಅಂಚು ಹಿಡಿದು ನಿಂತ.

"ಗಡ್ಡೆ ಇಲ್ಲ ಅಂದ್ರು ಡಾಕ್ಟರು. ದೇವರಿಗೆ ಸ್ತೋತ್ರ. ಆದ್ರೆ ಅದೇ ಎಣ್ಣೆ ರಾಸ್ಕೋ ಹಣೆಗೂ ಹಚ್ಚಿದ್ರು. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ. ಬಹಳ ಸಲ ಕೇಳ್ದೆ. ದೇವರು ಹೇಳ್ಲಿಲ್ಲ." ಉಸಿರು ಸಾಲದೆ ಸ್ವಲ್ಪ ತಡೆದ. "ಒಂದು ಗೊತ್ತು. ಎಣ್ಣೆ ಹಚ್ಚಿದ ದಿನ ಮುಂದಕ್ಕೆ ಬರೋಕೆ ನನಗೆ ಹೆದರಿಕೆ. ಬೆಂಚು ಬಿಟ್ಟು ಏಳ್ಲಿಲ್ಲ. ರಾಸ್ಕೋ ತೋಳು ಹಿಡಿದು ಕರ್ಕೊಂಡು ಬಂದ. ಅವನಿಗೂ ಹೆದರಿಕೆ ಇತ್ತು. ಆದ್ರೂ ಹಿಡಿದಿದ್ದ. ನನ್ ಹತ್ರ ಇರೋ ಸಾಕ್ಷಿ ಅಷ್ಟೇ."

ಪಾಸ್ಟರು ಬೈಬಲಿನ ಹಾಳೆ ತಿರುವಿದರು, ಲೊರೀನ್ ತಲೆ ತಗ್ಗಿಸಿದಳು. ಎಲ್ಬರ್ಟ್ ಮೊದಲ ಬೆಂಚಿನ ಖಾಲಿ ಜಾಗವನ್ನೇ ನೋಡುತ್ತ ನಿಂತ.

"ಆಮೆನ್."

ದನಿ ಬಂದದ್ದು ಹೆಂಗಸರ ಸಾಲಿನಿಂದ. ಐವಾ ಎದ್ದು ನಿಂತಿದ್ದಳು. ಅವಳ ಮುಖದಲ್ಲಿದ್ದುದು ಸಿಟ್ಟೋ ಅಳುವೋ ಹೇಳುವಂತಿರಲಿಲ್ಲ. ಮೊದಲು ಅವಳ ಹಿಂದಿನ ಬೆಂಚಿನ ಹೆಂಗಸರು, ಆಮೇಲೆ ಗಂಡಸರು, ಒಬ್ಬೊಬ್ಬರಾಗಿ ಅವಳ ದನಿಗೆ ದನಿ ಸೇರಿಸಿದರು.

"ಸಾಕು, ಕೂತ್ಕೋ ಎಲ್ಬರ್ಟ್," ಎಂದಳು ಐವಾ. "ಉಸಿರು ಉಳಿಸ್ಕೋ. ಮುಂದಿನ ಬುಧವಾರ ಮೊದಲ ಆಮೆನ್ ಹೇಳೋದು ನಿನ್ನ ಪಾಳಿ."